ಹತ್ತು ನಿಮಿಷದ ಗಾಳಿ

ಬಾಗಿಲು ತೆರೆಯುವ ಮೊದಲೇ ಒಳಗೆ ಎಸ್ತರ್ ಕೆಮ್ಮಿದ್ದು ಕೇಳಿಸಿತು. ಬೇಕೆಂದೇ ಕೆಮ್ಮುತ್ತಿದ್ದಾಳೆ ಎಂದು ಡೋರ್ಟೆಗೆ ಅನ್ನಿಸಿತು. ಒಂದು ಕೈಯಲ್ಲಿ ಸಲಕರಣೆಗಳ ಪೆಟ್ಟಿಗೆ, ಇನ್ನೊಂದರಲ್ಲಿ ಹೊಸ ಫಿಲ್ಟರುಗಳ ರಟ್ಟಿನ ಡಬ್ಬ. ಗಂಟೆಯನ್ನು ಮೊಣಕೈಯಿಂದ ಒತ್ತಿ ನಿಂತಿದ್ದಳು. ಕೊಲ್ಲಿಯ ಕಡೆಯಿಂದ ಬರುತ್ತಿದ್ದ ಗಾಳಿ ಕಿವಿಯ ಹಿಂಭಾಗವನ್ನು ಹುಡುಕಿ ಹುಡುಕಿ ಚುಚ್ಚುತ್ತಿತ್ತು. ಮೈನಸ್ ಏಳು ಎಂದು ಕಾರಿನ ಪರದೆ ತೋರಿಸಿತ್ತು. ಮಾರೆನ್‌ಳನ್ನು ಶಾಲೆಯ ಮುಂದೆ ಇಳಿಸಿ ಹೊರಟು ಎರಡು ತಿರುವು ದಾಟಿದ ಮೇಲೆ, ಹಿಂದಿನ ಸೀಟಿನಲ್ಲಿ ಮಗಳ ಒಂದು ಕೈಗವಸು ಬಿದ್ದಿರುವುದು ಕನ್ನಡಿಯಲ್ಲಿ ಕಂಡಿತ್ತು. ತಿರುಗಿ ಹೋಗಬಹುದಿತ್ತು, ಹೋಗಲಿಲ್ಲ. ಈಗ ಆ ಕೈಗವಸು ಇಲ್ಲದ ಪುಟ್ಟ ಕೈ ಇಡೀ ಬೆಳಗು ತನ್ನನ್ನು ಹಿಂಬಾಲಿಸುತ್ತದೆ ಎಂದು ಗೊತ್ತಿತ್ತು. ಅದಕ್ಕೂ ಈ ಮುದುಕಿಯೇ ಕಾರಣ ಎನ್ನುವಂತೆ ಮುಚ್ಚಿದ ಬಾಗಿಲನ್ನು ದಿಟ್ಟಿಸಿದಳು. ಮಧ್ಯಾಹ್ನ ಒಂದು ಗಂಟೆಗೆ ಪ್ರಯೋಗಾಲಯದ ಮುಖ್ಯಸ್ಥ ಟ್ರೋಲ್ಸ್ ವಸತಿ ಸಂಘದವರನ್ನು ಕರೆತರುತ್ತಾನೆ. ಈ ಪ್ರಯೋಗದ ಮನೆಯನ್ನು ನೋಡಿ ಅವರು ಒಪ್ಪಿದರೆ ಹಿಂದಿನ ಬಯಲಿನಲ್ಲಿ ಏಳುತ್ತಿರುವ ಇಪ್ಪತ್ತನಾಲ್ಕು ಮನೆಗಳಿಗೂ ಮನೆ ಬಿಸಿಮಾಡುವ ಇದೇ ಯಂತ್ರ. ಅಷ್ಟರೊಳಗೆ ಫಿಲ್ಟರು ಬದಲಿಸಿ, ಯಂತ್ರದ ಮೇಲಿನ ಧೂಳು ಒರೆಸಿ, ಮುದುಕಿ ಬಾಯಿ ಬಿಡದ ಹಾಗೆ ನೋಡಿಕೊಳ್ಳಬೇಕು. ಕೊನೆಯದನ್ನು ಟ್ರೋಲ್ಸ್ ನಗುತ್ತಾ ಹೇಳಿದ್ದ.

"ಬೂಟು ಬಿಚ್ಚು," ಎಂದಳು ಎಸ್ತರ್, ನಮಸ್ಕಾರ ಗಿಮಸ್ಕಾರ ಯಾವುದೂ ಇಲ್ಲದೆ. ಎರಡು ಉಣ್ಣೆಯ ಅಂಗಿ, ಅದರ ಮೇಲೊಂದು ತೋಳಿಲ್ಲದ ಕೋಟು. "ನೆಲ ಬೆಚ್ಚಗಿದೆ ಅಂತ ನಿಮ್ಮ ಪುಸ್ತಕದಲ್ಲಿ ಅಚ್ಚು ಹಾಕ್ಸಿದ್ದೀರಲ್ಲ, ಕಾಲಿಟ್ಟು ನೋಡು."

ಡೋರ್ಟೆ ಕಾಲಿಟ್ಟಳು. ಕಾಲುಚೀಲದ ಮೂಲಕವೂ ತಿಳಿಯುವಂತಿತ್ತು. ತಣ್ಣಗೆ ಎನ್ನಲಾಗದು, ಬೆಚ್ಚಗೆ ಎನ್ನಲು ಸಾಧ್ಯವೇ ಇಲ್ಲ. ಯಾರೋ ಎದ್ದುಹೋಗಿ ಬಹಳ ಹೊತ್ತಾದ ಕುರ್ಚಿಯ ಹಾಗೆ. ಅವಳು ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯ ಬಾಗಿಲು ತೆಗೆದಳು. ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಬೇರೆ ಮನೆಗಳ ಹೀಟ್ ಪಂಪುಗಳ ಹಾಗೆ ಗೊಣಗುವುದಿಲ್ಲ ಇದು. ಅನಿಲವಿಲ್ಲ, ಅನಿಲವನ್ನು ಒತ್ತುವ ಕಂಪ್ರೆಸರ್ ಇಲ್ಲ. ಉಂಗುರದಂಥ ಅಯಸ್ಕಾಂತ ನಿಧಾನವಾಗಿ ತಿರುಗುತ್ತದೆ. ಅದು ಹತ್ತಿರ ಬಂದಾಗ ಕೊಳವೆಗಳೊಳಗಿನ ಲೋಹದ ಕಾಳುಗಳು ಬಿಸಿಯಾಗುತ್ತವೆ, ದೂರ ಸರಿದಾಗ ತಣ್ಣಗಾಗುತ್ತವೆ. ನಡುವೆ ನೀರು ಹೋಗಿ ಬಂದು, ಹಿತ್ತಿಲ ಮಣ್ಣಿನ ಶಾಖವನ್ನು ಚೂರು ಚೂರಾಗಿ ಎತ್ತಿ ನೆಲದಡಿಯ ಪೈಪುಗಳಿಗೆ ದಾಟಿಸುತ್ತದೆ. ಸುರ್ ಎಂದು ಹರಿದು, ನಿಂತು, ಮತ್ತೆ ಸುರ್ ಎನ್ನುತ್ತಿತ್ತು. ಮೊದಲ ಸಲ ಪ್ರಯೋಗಾಲಯದಲ್ಲಿ ಇದು ತಿರುಗಿದ ದಿನ ಆ ಸದ್ದನ್ನು ಮಲಗಿದ ಮಗುವಿನ ಉಸಿರಿಗೆ ಹೋಲಿಸಿ ಮಾತಾಡಿದ್ದವಳು ತಾನೇ ಎಂದು ನೆನಪಾಗಿ ಡೋರ್ಟೆಗೆ ನಾಚಿಕೆಯಾಯಿತು. ಎಲ್ಲರೂ ಅಂದು ಚಪ್ಪಾಳೆ ತಟ್ಟಿದ್ದರು. ಅವಳೂ ತಟ್ಟಿದ್ದಳು, ಅಷ್ಟು ಹೊತ್ತಿಗೆ ಆ ಕೊಳವೆಗಳೊಳಗೆ ಏನಿದೆಯೆಂದು ಗೊತ್ತಿದ್ದೂ.

ಕೊಳವೆ ತುಂಬಿದ ದಿನ ಮುಂದಿದ್ದದ್ದು ಹನ್ನೊಂದು ಭರಣಿಗಳು. ಹನ್ನೊಂದರಲ್ಲೂ ಸಾಸಿವೆಗಿಂತ ಸಣ್ಣ ಬೂದು ಕಾಳು, ನೋಡುವುದಕ್ಕೆ ಒಂದರ ಹಾಗೆ ಇನ್ನೊಂದು. ಆದರೆ ಒಂದೊಂದು ಭರಣಿಯ ಕಾಳು ಒಂದೊಂದು ಬಿಸಿಯಲ್ಲಿ ಮಾತ್ರ ಚುರುಕು. ಮೊದಲನೆಯದು ಮಣ್ಣಿನ ತಂಪಿನಲ್ಲಿ, ಹನ್ನೊಂದನೆಯದು ನೆಲಕ್ಕೆ ಬೇಕಾದ ಬಿಸಿಯಲ್ಲಿ. ಕೊಳವೆಯೊಳಗೆ ಅವುಗಳನ್ನು ಮೆಟ್ಟಿಲ ಹಾಗೆ ಕ್ರಮವಾಗಿ ಜೋಡಿಸಬೇಕು, ಶಾಖ ಹತ್ತಿ ಹೋಗಬೇಕಲ್ಲ. ಹದಿಮೂರು ಕೊಳವೆಗಳಿಗೂ ಒಂದೊಂದೇ ಪದರ ಸುರಿದು ಅಂಟು ಬಿಡುವುದು ಡೋರ್ಟೆಯ ಕೆಲಸ. ಅಂಟು ಕಲಸಿದ ಮೇಲೆ ನಲವತ್ತು ನಿಮಿಷ, ಅಷ್ಟೇ. ಆಮೇಲೆ ಅದು ಕಲ್ಲು. ಐದನೆಯ ಪದರ ಮುಗಿದಾಗ ಫೋನು ಬಂತು. ಮಾರೆನ್ ಆಗ ಇನ್ನೂ ಶಿಶುವಿಹಾರದಲ್ಲಿದ್ದಳು. ಹೇನು, ಎಂದಿದ್ದಳು ಆ ಕಡೆಯ ಹುಡುಗಿ, ತೀರಾ ಮೆತ್ತಗಿನ ದನಿಯಲ್ಲಿ. ಇದು ಮೂರನೇ ಸಲ ಡೋರ್ಟೆ, ಬೇರೆ ತಂದೆತಾಯಂದಿರು ಕೇಳ್ತಿದ್ದಾರೆ, ಈಗಲೇ ಬಂದು ಕರ್ಕೊಂಡು ಹೋದ್ರೆ ಒಳ್ಳೇದು. ಮಗುವಿನ ಅಪ್ಪ ಆ ವಾರ ಆಲ್ಬೋರ್ಗ್ ಊರಿನಲ್ಲಿದ್ದ. ಆ ವಾರವೇನು, ಅಲ್ಲಿಂದಾಚೆ ಎಲ್ಲ ವಾರವೂ. ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು, ಬಂದೆ, ಬಂದೆ ಎನ್ನುತ್ತಾ ಅವಳು ಕೈಚಾಚಿ ಮುಂದಿನ ಭರಣಿ ತೆಗೆದಳು. ತಲೆಯಲ್ಲಿ ಏನೋ ತುರಿಸಿದಂತಾಯಿತು. ಸುರಿದಳು.

ಆ ಸಂಜೆ ಸ್ನಾನದ ಮನೆಯ ದೀಪದಡಿ ಮಗಳ ಒದ್ದೆ ಕೂದಲಿಗೆ ಸೀರಣಿಗೆ ಹಾಕುತ್ತಿದ್ದಾಗಲೇ ಅನುಮಾನ ಬಂದಿತ್ತೇ? ಬಂದಿರಲಿಲ್ಲ. ಹಾಗೆಂದು ಆಮೇಲೆ ತಾನೇ ಕಟ್ಟಿಕೊಂಡ ಚಿತ್ರ ಅದು: ಸೀರಣಿಗೆಯ ಹಲ್ಲುಗಳ ನಡುವೆ ಬೂದು ಕಾಳುಗಳು, ಬಿಳಿ ತಟ್ಟೆಯ ಮೇಲೆ ಉದುರಿದವು, ನೋಯುತ್ತೆ ಮಮ್ಮ ಎನ್ನುವ ಅಳು. ನಿಜವಾಗಿ ತಿಳಿದದ್ದು ಮೂರನೆಯ ದಿನ, ಭರಣಿಗಳನ್ನು ತೊಳೆಯಲು ತೆಗೆದಾಗ. ಆರನೆಯ ಪದರ ತೆಳು, ಅದರ ಭರಣಿಯಲ್ಲಿ ಕಾಳು ಉಳಿಯಬೇಕಿತ್ತು, ತಳ ಕಾಣುತ್ತಿತ್ತು. ಏಳನೆಯದು ದಪ್ಪ ಪದರ, ಭರಣಿ ಖಾಲಿಯಾಗಬೇಕಿತ್ತು, ಅರ್ಧ ಅಂಗುಲ ಉಳಿದಿತ್ತು. ನಡುಮೆಟ್ಟಿಲುಗಳೆರಡು ಅದಲುಬದಲು. ಆ ಕಾಳು ಮತ್ತೆ ತಯಾರಾಗಿ ಬರಲು ಹನ್ನೊಂದು ವಾರ. ಟ್ರೋಲ್ಸ್ ಅಷ್ಟರಲ್ಲಿ ಉದ್ಘಾಟನೆಗೆ ಸಚಿವಾಲಯದಿಂದ ಯಾರನ್ನೋ ಕರೆದಾಗಿತ್ತು. ಅವಳು ಎರಡೂ ಭರಣಿಗಳನ್ನು ಚೆನ್ನಾಗಿ ತೊಳೆದು, ಒರೆಸಿ, ಬೋರಲು ಹಾಕಿದಳು.

"ಪೂಜೆ ಮುಗೀತಾ?" ಹಿಂದೆ ಎಸ್ತರ್ ನಿಂತಿದ್ದಳು. "ಬಂದಾಗೆಲ್ಲ ಅದರ ಮುಂದೆ ಹೀಗೇ ನಿಲ್ತೀಯ. ನನ್ನ ಗಂಡ ಸತ್ತಾಗ್ಲೂ ನಾನು ಅಷ್ಟು ಹೊತ್ತು ನಿಂತಿರ್ಲಿಲ್ಲ."

"ಶಬ್ದ ಕೇಳಿಸ್ಕೊಳ್ತಿದ್ದೆ."

"ನನ್ನ ಎದೇದೂ ಕೇಳಿಸ್ಕೋ. ಅದೂ ಸುರ್ ಅನ್ನುತ್ತೆ."

ಎಸ್ತರ್ ವಾಂಗ್ಸ್‌ಗೋರ್ ನಲವತ್ತೊಂದು ವರ್ಷ ಈ ಕರಾವಳಿಯ ಊರುಗಳಲ್ಲಿ ಸೈಕಲ್ಲಿನಲ್ಲಿ, ಆಮೇಲೆ ಸಣ್ಣ ಬಿಳಿ ಕಾರಿನಲ್ಲಿ, ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಂಡ ನರ್ಸು. ಅವಳು ಒಳಗೆ ಬಂದವಳೇ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಕಿಟಕಿ ತೆರೆಯುವುದು. ಎದುರು ಬದುರಿನ ಎರಡೂ ಕಿಟಕಿ, ಗಡಿಯಾರ ನೋಡಿ ಹತ್ತು ನಿಮಿಷ, ಎಂಥ ಚಳಿಯಲ್ಲೂ. ರೋಗಿಗಳು ಬೈಯುತ್ತಿದ್ದರಂತೆ, ಆಮೇಲೆ ಅವಳು ಬರದ ದಿನ ತಾವೇ ಎದ್ದು ತೆರೆಯಲು ಹೋಗಿ ಬೀಳುತ್ತಿದ್ದರಂತೆ. ಈ ಮನೆಗೆ ಬಂದ ಮೊದಲ ವಾರ, ಸೆಪ್ಟೆಂಬರಿನಲ್ಲಿ, ಕಾಫಿ ಕೊಟ್ಟು ಇದನ್ನೆಲ್ಲ ಡೋರ್ಟೆಗೆ ಹೇಳಿದವಳು ಅವಳೇ. ಆಗ ಇಬ್ಬರೂ ನಕ್ಕಿದ್ದರು. ಗೋಡೆ ಇಷ್ಟು ದಪ್ಪ, ಗಾಜು ಮೂರು ಪದರ, ಗಾಳಿಯೂ ಯಂತ್ರದಿಂದಲೇ ಬರುತ್ತದೆ, ಎಸ್ತರ್, ಇಲ್ಲಿ ಕಿಟಕಿ ತೆರೆಯೋ ಅಗತ್ಯವೇ ಇಲ್ಲ ಎಂದು ಡೋರ್ಟೆ ಹೇಳಿದ್ದಳು. ಅಗತ್ಯಕ್ಕೆ ಯಾರು ತೆರೀತಾರೆ ಮಗೂ, ಎಂದಿದ್ದಳು ಎಸ್ತರ್. ಆ ಮಾತು ಡೋರ್ಟೆಯ ತಲೆಯಲ್ಲಿ ಎಲ್ಲೋ ಜೋಪಾನವಾಗಿ ಕೂತಿತ್ತು. ನವೆಂಬರಿನಲ್ಲಿ ಚಳಿ ಇಳಿದು, ಪ್ರಯೋಗಾಲಯದ ಪರದೆಯಲ್ಲಿ ಮನೆಯ ತಾಪಮಾನದ ಗೆರೆ ಹದಿನೇಳು ಡಿಗ್ರಿಗೆ ಜಾರಿ, ಟ್ರೋಲ್ಸ್ ಅವಳ ಮೇಜಿನ ಅಂಚಿಗೆ ಒರಗಿ, "ಯಾಕೆ ಡೋರ್ಟೆ?" ಎಂದು ಕೇಳಿದಾಗ, ಅದು ತಾನಾಗಿ ಎದ್ದು ಬಂತು. ಅವಳು ಕಿಟಕಿ ತೆರೀತಾಳೆ. ದಿನಕ್ಕೆ ಮೂರು ಸಲ. ಹಳೇ ಅಭ್ಯಾಸ. ಹೇಳಿ ಮುಗಿಯುವಷ್ಟರಲ್ಲಿ ಹಸಿವಾಗಿತ್ತು. ಅಂದು ಎರಡು ತುಂಡು ರೈ ಬ್ರೆಡ್ಡು ಹೆಚ್ಚಿಗೆ ತಿಂದಿದ್ದಳು.

ಸ್ನಾನದ ಮನೆಯ ಮುಂದೆ ಏಣಿ ಹಾಕಬೇಕಾದರೆ ಅಡಿಗೆಮನೆ ದಾಟಿ ಹೋಗಬೇಕು. ಫ್ರಿಜ್ಜಿನ ಬಾಗಿಲಿಗೆ ಕಾಗದ ಅಂಟಿಸಿತ್ತು. ಮೂಲೆಗೊಂದು, ದೋಣಿಯ ಆಕಾರದ ಅಯಸ್ಕಾಂತ. ಕಳೆದ ಸಲ ಬಂದಾಗಲೂ ಇತ್ತು, ಅದರ ಹಿಂದಿನ ಸಲವೂ. ನಿವಾಸಿಯ ಅಭ್ಯಾಸಗಳಿಂದಾಗಿ ಶಾಖ ನಷ್ಟವಾಗುತ್ತಿರುವುದು ಕಂಡುಬಂದಿರುತ್ತದೆ. ಇನ್ನು ಮುಂದೆ ಕಿಟಕಿಗಳನ್ನು ತೆರೆಯಬಾರದು. ಬೇರೆ ವಿದ್ಯುತ್ ಹೀಟರ್ ಬಳಸಬಾರದು. ದಯವಿಟ್ಟು ಅರ್ಥಮಾಡಿಕೊಳ್ಳಿ. ಕೆಳಗೆ ಟ್ರೋಲ್ಸ್‌ನ ಸಹಿ. ಕಾಗದದ ಜೊತೆಗೆ ಎಲ್ಲ ಕಿಟಕಿಗಳ ಚೌಕಟ್ಟಿಗೂ ಬೆರಳುಗಾತ್ರದ ಬಿಳಿ ಡಬ್ಬಿಗಳು ಬಂದು ಕೂತವು, ತೆರೆದರೆ ಕೆಂಪಗೆ ಮಿನುಗಿ ಪ್ರಯೋಗಾಲಯಕ್ಕೆ ಸುದ್ದಿ ಮುಟ್ಟಿಸುವಂಥವು. ಅವನ್ನು ತಿರುಪು ಹಾಕಿ ಕೂರಿಸಿದ್ದೂ ಡೋರ್ಟೆಯೇ. ಎಸ್ತರ್ ಅಂದು ಕುರ್ಚಿಯಲ್ಲಿ ಕೈಕಟ್ಟಿ ಕೂತು ಒಂದೊಂದು ತಿರುಪನ್ನೂ ನೋಡುತ್ತಿದ್ದಳು. ಆಶ್ಚರ್ಯವೆಂದರೆ ಆಮೇಲೆ ಗೆರೆ ಏರಿತು. ಹದಿನೆಂಟು, ಹತ್ತೊಂಬತ್ತು, ಡಿಸೆಂಬರು ಪೂರ್ತಿ ಇಪ್ಪತ್ತೂವರೆ. ಕಿಟಕಿಯದೇ ತಪ್ಪಿರಬೇಕು ಎಂದು ಡೋರ್ಟೆ ನಂಬತೊಡಗಿದ್ದಳು. ಆರನೆಯ, ಏಳನೆಯ ಪದರ ಅಷ್ಟೇನೂ ಮುಖ್ಯವಲ್ಲವೇನೋ. ಅಂಥ ನಂಬಿಕೆಗೆ ಒಂದು ತಿಂಗಳು ಸಾಕು ಬೇರೂರಲು.

"ತಿಂಡಿ ಡಬ್ಬ ತೆಗೆಯೋ ಹಾಗೆ ತೆಗೀಬೇಡ, ಧೂಳು ಬೀಳುತ್ತೆ," ಎಂದಳು ಕೆಳಗಿನಿಂದ ಎಸ್ತರ್. ಏಣಿಯ ಮೇಲೆ ನಿಂತು ಡೋರ್ಟೆ ಚಾವಣಿಯ ಮುಚ್ಚಳ ಬಿಚ್ಚಿ, ಮನೆಯ ಹಳೆ ಗಾಳಿ ಹೊರಗೆ ಹೋಗುವ ಕಡೆಯ ಫಿಲ್ಟರನ್ನು ಎಳೆದಳು. ಅಕ್ಟೋಬರಿನಲ್ಲಿ ಹಾಕಿದ್ದು, ಬಿಳಿಯದು. ಈಗ ಬೂದು ಬಣ್ಣಕ್ಕೆ ತಿರುಗಿರಬೇಕು, ಹೆಚ್ಚೆಂದರೆ. ಕೈಗೆ ಬಂದದ್ದು ಕಪ್ಪು. ಧೂಳಿನ ಕಪ್ಪಲ್ಲ. ಮಡಿಕೆ ಮಡಿಕೆಯೊಳಗೂ ಇಳಿದ, ಮುಟ್ಟಿದರೆ ಬೆರಳಿಗೆ ಹತ್ತುವ, ಎಣ್ಣೆಯಂಥ ಹೊಳಪಿದ್ದ ಮಸಿ. ಅವಳು ಅದನ್ನು ಹಿಡಿದು ಏಣಿಯ ಮೇಲೆಯೇ ನಿಂತಳು. ಚಾವಣಿಯ ಅಂಚಿಗೂ ನೆರಳಿನ ಹಾಗೆ ಬೂದು ಕವಿದಿರುವುದು ಈಗ ಕಂಡಿತು; ಇಷ್ಟು ದಿನ ಕಂಡಿರಲಿಲ್ಲ ಎಂದರೆ ಅದು ಸುಳ್ಳು. ಕಪಾಟಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಪುಸ್ತಕಗಳ ಮುಂದೆ, ಟಿವಿಯ ಎರಡೂ ಬದಿಗೆ ತಟ್ಟೆಗಳು. ತಟ್ಟೆಗಳ ಮೇಲೆ ಮೇಣದ ಮಡುಗಳು. ಎಲ್ಲರ ಮನೆಯಲ್ಲೂ ಇರುವಂಥವೇ, ಯಾರೂ ಎರಡನೆಯ ಸಲ ನೋಡದಂಥವು. ಒಂದು ದಪ್ಪ ಬತ್ತಿ ಎಂಬತ್ತು ವ್ಯಾಟ್. ಲೆಕ್ಕ ತಲೆಯಲ್ಲಿ ತಾನಾಗಿ ಓಡಿತು. ಇಂಥ ಮನೆಗೆ ಈ ಚಳಿಯಲ್ಲಿ ಬೇಕಾಗುವುದೇ ಒಂದೂವರೆ ಸಾವಿರ. ಇಪ್ಪತ್ತು ಬತ್ತಿ ಹಚ್ಚಿದರೆ ಯಂತ್ರವೇ ಬೇಡ.

ಮೊದಲು ಬಂದದ್ದು ಸಿಟ್ಟು. "ನೀವು ಮೇಣದಬತ್ತಿ ಹಚ್ಚಿದ್ದೀರಿ!"

"ಈ ದೇಶದಲ್ಲಿ ಚಳಿಗಾಲದಲ್ಲಿ ಮೇಣದಬತ್ತಿ ಹಚ್ಚೋದು ಯಾವಾಗಿಂದ ಅಪರಾಧ ಆಯ್ತು?"

"ಎಷ್ಟು?"

"ಚಳಿ ಎಷ್ಟೋ ಅಷ್ಟು."

"ಎಸ್ತರ್, ಇದು ಪ್ರಯೋಗದ ಮನೆ. ನಮ್ಮ ಅಳತೆ ಎಲ್ಲಾ—"

"ನಿಮ್ಮ ಕಾಗದದಲ್ಲಿ ಹೀಟರ್ ಬೇಡ ಅಂತಿತ್ತು, ಹಚ್ಚಲಿಲ್ಲ. ಕಿಟಕಿ ಬೇಡ ಅಂತಿತ್ತು, ಮುಟ್ಟಲಿಲ್ಲ. ಬತ್ತಿ ಬೇಡ ಅಂತ ಎಲ್ಲಿತ್ತು? ಓದಿ ಹೇಳು, ಫ್ರಿಜ್ಜಿನ ಮೇಲಿದೆ." ಅವಳು ಏಣಿಯ ಕಾಲನ್ನು ಬಿಗಿಯಾಗಿ ಹಿಡಿದಿದ್ದಳು, ಬೀಳದಿರಲಿ ಎಂದೋ, ಇಳಿಯದಿರಲಿ ಎಂದೋ. "ನನ್ನ ತಮ್ಮ ಚರ್ಚಿನಲ್ಲಿ ಗಂಟೆ ಹೊಡೀತಾನೆ. ಪೀಠದ ಮೇಲೆ ಅರ್ಧ ಉರಿದದ್ದನ್ನ ಬಿಸಾಡ್ತಾರೆ. ಚೀಲಗಟ್ಟಲೆ ತಂದುಕೊಟ್ಟ. ದೇವರು ಉಂಡು ಬಿಟ್ಟದ್ದು, ನನಗೇನು ಅವಮಾನವಿಲ್ಲ."

"ನನಗೆ ಹೇಳಬಹುದಿತ್ತು."

ಎಸ್ತರ್ ನಗಲು ಹೋದಳು, ಅದು ಕೆಮ್ಮಾಯಿತು. ಬಾಗಿ, ಮೊಣಕಾಲ ಮೇಲೆ ಕೈಯೂರಿ ಬಹಳ ಹೊತ್ತು ಕೆಮ್ಮಿದಳು. ಕರವಸ್ತ್ರದಲ್ಲಿ ಬಾಯಿ ಒರೆಸಿ, ಅದನ್ನು ಬಿಚ್ಚಿ, ತಾನು ನೋಡಿ, ಆಮೇಲೆ ಮೇಲಕ್ಕೆ ಎತ್ತಿ ಡೋರ್ಟೆಗೂ ತೋರಿಸಿದಳು. ಬೂದು. "ಹೇಳಿದ್ದೆ. ನವೆಂಬರ್ ಹದಿನಾಲ್ಕು. ಮನೆ ತಣ್ಣಗಿದೆ ಕಣಮ್ಮ, ಬಂದು ನೋಡು ಅಂದೆ. ಫೋನು ಎತ್ತಿದ್ದು ನೀನೇ. ನೋಡ್ತೀನಿ ಅಂದೆ. ಒಂಬತ್ತು ದಿನ ಆದ ಮೇಲೆ ಇದು ಬಂತು. ಸಹಿ ಆ ಉದ್ದ ಮನುಷ್ಯಂದು. ಆದರೆ ಬರೆದದ್ದು ನೀನು. 'ದಯವಿಟ್ಟು ಅರ್ಥಮಾಡಿಕೊಳ್ಳಿ.' ಮಾತಾಡುವಾಗ್ಲೂ ನಿನಗೆ ಅದೇ ಚಾಳಿ."

ಡೋರ್ಟೆಯ ಮುಖ ಬಿಸಿಯಾಯಿತು. ಶಾಲೆಯಲ್ಲಿ ಯಾರದೋ ಪೆನ್ಸಿಲು ತನ್ನ ಚೀಲದಲ್ಲಿ ಸಿಕ್ಕಿದಾಗ ಹೀಗೇ ಬಿಸಿಯಾಗಿತ್ತು. ಅಂದೂ ಕದ್ದಿರಲಿಲ್ಲ, ಸುಮ್ಮನೆ ಎತ್ತಿಕೊಂಡಿದ್ದಳು. ಅವಳು ಇಳಿದಳು. ಕಪ್ಪು ಫಿಲ್ಟರನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಪೆಟ್ಟಿಗೆಯ ಪಕ್ಕಕ್ಕೆ ಇಟ್ಟಳು. ಹೊಸತನ್ನು ಹಿಡಿದು ಮತ್ತೆ ಹತ್ತಿದಳು. ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ಈ ಕೈಗಳನ್ನು ಎಲ್ಲರೂ ಹೊಗಳುತ್ತಾರೆ. ಡಾಕ್ಟರೇಟು ಮಾಡಿದವರು ಕೊಳವೆ ತುಂಬಲು ಹೋಗಿ ಚೆಲ್ಲಿ, ಡೋರ್ಟೆಯ ಕೈ ಬೇಕು ಇದಕ್ಕೆ ಎನ್ನುತ್ತಾರೆ. ಸಭೆಯ ಚಿತ್ರ ತೆಗೆಯುವಾಗ ಮಾತ್ರ ಕ್ಯಾಮೆರಾ ಅವಳ ಕೈಗೆ ಕೊಡುತ್ತಾರೆ.

"ಬಿಳೀದು ಹಾಕಿದ್ಯಾ? ಒಳ್ಳೇದು. ಇದಕ್ಕೂ ಒಂದು ಬಿಳೀದು ತಂದಿದ್ರೆ ಹಾಕಿಬಿಡು." ಎಸ್ತರ್ ಎದೆ ತಟ್ಟಿಕೊಂಡಳು. ಆಮೇಲೆ ದನಿ ತಗ್ಗಿಸಿ, ಬೈಗುಳಕ್ಕಿಂತ ಕೆಟ್ಟದಾದ ಒಂದು ಸಾವಧಾನದಿಂದ ಹೇಳಿದಳು: "ನಲವತ್ತೊಂದು ವರ್ಷ ಸುಳ್ಳು ಹೇಳೋ ರೋಗಿಗಳನ್ನ ನೋಡಿದ್ದೀನಿ. ಎಲ್ಲಿ ನೋವು ಅಂತ ಕೇಳಿದ್ರೆ ಬೇರೆ ಕಡೆ ಕೈ ತೋರಿಸ್ತಾರೆ. ನಿನ್ನ ಯಂತ್ರಕ್ಕೆ ಎಲ್ಲೋ ನೋವಿದೆ. ಎಲ್ಲಿ ಅಂತ ನಿನಗೆ ಗೊತ್ತು. ನೀನು ನನ್ನ ಕಿಟಕಿ ತೋರಿಸಿದೆ."

ಉಳಿದ ಫಿಲ್ಟರುಗಳನ್ನು ಬದಲಿಸಿ, ಯಂತ್ರ ಒರೆಸಿ ಮುಗಿಸುವಾಗ ಒಂದು ಗಂಟೆ; ಹೊರಗೆ ಕಾರುಗಳ ಬಾಗಿಲು ಬಡಿದ ಸದ್ದು. ಟ್ರೋಲ್ಸ್‌ನ ನಗು ಅವನಿಗಿಂತ ಮೊದಲು ಒಳಗೆ ಬಂತು. ಹಿಂದೆ ವಸತಿ ಸಂಘದ ಅಧ್ಯಕ್ಷೆ ಲಿಸೆಲೊತೆ, ಹಸಿರು ಚೌಕಟ್ಟಿನ ಕನ್ನಡಕದ ದಪ್ಪ ಹೆಂಗಸು, ಮತ್ತೆ ಸಂಘದ ಇಬ್ಬರು ಗಂಡಸರು. ಎಲ್ಲರೂ ಸಾಲಾಗಿ ಬೂಟು ಬಿಚ್ಚಿದರು. ಕಾಲುಚೀಲದ ಕಾಲುಗಳು ನೆಲ ಮುಟ್ಟಿದ್ದನ್ನು ಡೋರ್ಟೆ ನೋಡಿದಳು. ಒಬ್ಬ ಗಂಡಸು ಒಂದು ಪಾದವನ್ನು ಇನ್ನೊಂದರ ಮೇಲೆ ಇಟ್ಟುಕೊಂಡ. ಟ್ರೋಲ್ಸ್ ಬೇಕರಿಯ ಡಬ್ಬ ಬಿಚ್ಚಿ ಮೇಜಿನ ಮೇಲೆ ಬಾದಾಮಿಯ ಸಿಹಿರೊಟ್ಟಿ ಇಟ್ಟು, ಎಸ್ತರಳ ಭುಜ ತಟ್ಟಿ, "ನಮ್ಮ ಮನೆಯೊಡತಿ!" ಎಂದ. ಟ್ಯಾಬ್ಲೆಟ್ಟಿನ ಪರದೆಯನ್ನು ಹೂದಾನಿಗೆ ಒರಗಿಸಿ ನಿಲ್ಲಿಸಿದ. ಅದರ ಮೇಲೆ ಡೋರ್ಟೆಯ ಗೆರೆ: ನವೆಂಬರಿನಲ್ಲಿ ಕುಸಿತ, ಒಂದು ಕೆಂಪು ಬಾಣ, ಆಮೇಲೆ ಏರಿಕೆ.

"ಈ ಬಾಣ ಇದೆಯಲ್ಲ, ಇಲ್ಲಿ ನಾವು ಯಂತ್ರಕ್ಕೆ ಕೈಯೇ ಹಚ್ಚಲಿಲ್ಲ," ಎಂದ ಟ್ರೋಲ್ಸ್. "ಒಂದು ಕಾಗದ ಬರೆದ್ವಿ, ಅಷ್ಟೇ. ಹೊಸ ಮನೇಲಿ ಅತಿ ಹಳೇ ಯಂತ್ರ ಯಾವುದು ಗೊತ್ತಾ? ಮನುಷ್ಯ. ಮೊದಲು ಅದನ್ನ ರಿಪೇರಿ ಮಾಡ್ಬೇಕು." ಗಂಡಸರು ನಕ್ಕರು. ಎಸ್ತರ್ ಕಾಫಿ ಬಗ್ಗಿಸುತ್ತಿದ್ದಳು. ಲೋಟ ತುಂಬಿ ತಟ್ಟೆಗೆ ಚೆಲ್ಲುವವರೆಗೂ ಬಗ್ಗಿಸಿದಳು, ಆಮೇಲೆ ಅದನ್ನೇ ಟ್ರೋಲ್ಸ್‌ನ ಮುಂದೆ ಇಟ್ಟಳು. "ಎಸ್ತರ್, ಒಂದೆರಡು ಬತ್ತಿ ಹಚ್ಚೋಣವಾ? ಹೊರಗೆ ಎಷ್ಟು ಮಂಕಾಗಿದೆ. ಮನೆ ಮನೆ ಅನ್ನಿಸುತ್ತೆ."

"ಹಚ್ಚಪ್ಪ," ಎಂದಳು ಎಸ್ತರ್. "ನಿನ್ನ ಕೈಯಾರೆ ಹಚ್ಚು."

ಟ್ರೋಲ್ಸ್ ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿನ ಮೂರನ್ನು ಹಚ್ಚಿದ. ಲಿಸೆಲೊತೆ ಕನ್ನಡಕ ಮೇಲೇರಿಸಿ ಗೆರೆಯ ಹತ್ತಿರಕ್ಕೆ ಬಾಗಿದಳು. "ಅಂದ್ರೆ ಕಿಟಕಿ ವಿಷಯ ಬಾಡಿಗೆ ಕರಾರಿನಲ್ಲೇ ಹಾಕಿಬಿಡಬೇಕು. ಹೇಳಿದ್ರೆ ಯಾರು ಕೇಳ್ತಾರೆ. ಬರೋರೆಲ್ಲ ಸಣ್ಣ ಮಕ್ಕಳಿರೋರು, ಮಗು ವಾಂತಿ ಮಾಡ್ತು, ಏನೋ ಸೀದು ಹೋಯ್ತು ಅಂತ ತೆರೀತಾನೇ ಇರ್ತಾರೆ. ನವೆಂಬರಿಂದ ಮಾರ್ಚಿವರೆಗೆ ಮೊಳೆ ಹೊಡೆದುಬಿಡೋಣ." ಮೊಳೆಯ ಮಾತು ತಮಾಷೆಗೆ. ಆದರೆ ಪಕ್ಕದ ಗಂಡಸು ಬರೆದುಕೊಂಡ. ಇಪ್ಪತ್ತನಾಲ್ಕು ಮನೆ. ಡೋರ್ಟೆಗೆ ಆ ಮನೆಗಳ ಒಳಗು ಕಾಣಿಸಿತು, ಇಪ್ಪತ್ತನಾಲ್ಕು ಫ್ರಿಜ್ಜುಗಳ ಮೇಲೆ ಒಂದೇ ಕಾಗದ, ತನ್ನದೇ ವಾಕ್ಯ. ರಾತ್ರಿಯೆಲ್ಲ ಕೆಮ್ಮುವ ಮಗುವನ್ನು ಎತ್ತಿಕೊಂಡು ಮುಚ್ಚಿದ ಗಾಜಿನ ಮುಂದೆ ನಿಂತ ಒಬ್ಬಳು ಹೆಂಗಸು, ನಿನ್ನ ಅಭ್ಯಾಸಗಳಿಂದಾಗಿ ಎಂದು ಯಾರಿಂದಲೋ ಹೇಳಿಸಿಕೊಂಡವಳು. ಇದು ಮೂರನೇ ಸಲ ಡೋರ್ಟೆ. ಬೇರೆಯವರು ಕೇಳ್ತಿದ್ದಾರೆ. ಆ ಹುಡುಗಿಯ ಮೆತ್ತಗಿನ ದನಿಯಲ್ಲೇ ತಾನೂ ಬರೆದಿದ್ದೆನಲ್ಲ. ಪೆಟ್ಟಿಗೆಯ ಪಕ್ಕ ಪ್ಲಾಸ್ಟಿಕ್ ಚೀಲ ಇತ್ತು. ಎಸ್ತರ್ ಅದನ್ನು ನೋಡುತ್ತಿರಲಿಲ್ಲ. ನೋಡದಿರುವುದು ಎದ್ದು ಕಾಣುವ ಹಾಗೆ ನೋಡುತ್ತಿರಲಿಲ್ಲ.

"ನೀವೇ ಅಲ್ವಾ ಅದರ ಒಳಗಿನ ಕಾಳು ತುಂಬಿದೋರು?" ಲಿಸೆಲೊತೆ ತಟ್ಟನೆ ಅವಳತ್ತ ತಿರುಗಿದಳು. "ಇವರು ಗೆರೆ ತೋರಿಸ್ತಾರೆ, ನಾನು ಕೈ ಕೆಲಸದೋರನ್ನ ಕೇಳ್ತೀನಿ. ನಿಮ್ಮ ಮನೆಗೆ ಹಾಕಿಸ್ಕೊಳ್ತೀರಾ ಇದನ್ನ?"

"ಡೋರ್ಟೆಯ ಮನೆಗೇ ಮೊದಲು ಹಾಕ್ತೀವಿ," ಎಂದು ಟ್ರೋಲ್ಸ್ ಮುಂಚಿತವಾಗಿ ನಕ್ಕ.

ಉತ್ತರ ಹೇಳಬೇಕಾದವಳು ಎದ್ದಳು. ಎಲ್ಲಿಗೆ ಹೋಗುತ್ತಿದ್ದೇನೆಂದು ಕಾಲಿಗೆ ಗೊತ್ತಿತ್ತು. ಕಿಟಕಿಯ ಹಿಡಿ ತಿರುಗಿಸಿ ಎಳೆದಳು. ಎರಡು ತಿಂಗಳಿಂದ ಮುಚ್ಚಿದ್ದ ರಬ್ಬರಿನ ಅಂಚು ಚರ್ಮ ಸುಲಿದಂಥ ಸದ್ದು ಮಾಡಿ ಬಿಟ್ಟಿತು. ಬಿಳಿ ಡಬ್ಬಿ ಕೆಂಪಗೆ ಮಿನುಗಿತು. ಮೈನಸ್ ಏಳರ ಗಾಳಿ ನೇರವಾಗಿ ಮೇಜಿನ ಮೇಲೆ ಬಂದು ಕೂತು ಕಾಗದಗಳನ್ನು ಎತ್ತಿತು, ಬತ್ತಿಗಳ ಜ್ವಾಲೆ ಮಲಗಿತು. ಡೋರ್ಟೆಗೆ ಒಂದು ಕ್ಷಣ ಎಷ್ಟು ಹಗುರವೆನಿಸಿತೆಂದರೆ ಅಳು ಬಂತು. ಈಗ ಗೆರೆ ಇಳಿಯುತ್ತದೆ. ಎಲ್ಲರೂ ನೋಡುತ್ತಾರೆ. ಯಂತ್ರ ಅದನ್ನು ಮತ್ತೆ ಏರಿಸಲಾರದು, ಸಂಜೆಯಾದರೂ ಏರಿಸಲಾರದು, ಅವರಿಗೇ ಅರ್ಥವಾಗುತ್ತದೆ, ನಾನು ಏನೂ ಹೇಳಬೇಕಾಗಿಲ್ಲ.

"ಏನು ಮಾಡ್ತಿದ್ದೀಯ ಡೋರ್ಟೆ? ಮುಚ್ಚು," ಎಂದ ಟ್ರೋಲ್ಸ್. ಇನ್ನೂ ನಗು ಪೂರ್ತಿ ಹೋಗಿರಲಿಲ್ಲ.

"ಮುಚ್ಚು ಅದನ್ನ," ಎಂದಳು ಎಸ್ತರ್.

ಡೋರ್ಟೆ ತಿರುಗಿದಳು. ಮುದುಕಿ ಎದ್ದು ನಿಂತಿದ್ದಳು. ಮುಖದಲ್ಲಿ ಮೆಚ್ಚುಗೆಯಿರಲಿಲ್ಲ, ಅದನ್ನು ನಿರೀಕ್ಷಿಸಿದ್ದೆ ಎಂಬುದೂ ಆಗಲೇ ಡೋರ್ಟೆಗೆ ತಿಳಿದದ್ದು.

"ಆ ಬಿಸಿ ನಂದು. ನಿನ್ನೆ ಸಂಜೆಯಿಂದ ಕೂತು ಉರಿಸಿದ್ದು. ಅದನ್ನ ಹೊರಗೆ ಚೆಲ್ಲಿ ನೀನು ಒಳ್ಳೆಯವಳಾಗಬೇಡ. ಕಿಟಕಿ ಮುಚ್ಚು, ಬಾಯಿ ತೆಗಿ."

ಕಿಟಕಿ ಮುಚ್ಚಲು ಎರಡು ಕೈ ಬೇಕಾಯಿತು. ಕೆಂಪು ಮಿನುಗು ನಿಂತಿತು. ಬೆನ್ನು ಮಾಡಿಯೇ ನಿಂತಳು. ಗಾಜಿನಲ್ಲಿ ನಾಲ್ಕು ಮುಖಗಳು, ಅವುಗಳ ಹಿಂದೆ ಎಸ್ತರಳ ಬಿಳಿ ತಲೆ ಕಾಣುತ್ತಿದ್ದವು. ಗಾಜಿಗೇ ಹೇಳಬಹುದಿತ್ತು. ಅವಳು ತಿರುಗಿ ಬಂದು ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ತಾನೇ ಕಟ್ಟಿದ್ದು, ಹಲ್ಲಿನಿಂದ ಹರಿದಳು. ಕಪ್ಪು ಫಿಲ್ಟರನ್ನು ಸಿಹಿರೊಟ್ಟಿಯ ಪಕ್ಕ, ಬಿಳಿಯ ಮೇಜುಬಟ್ಟೆಯ ಮೇಲೆ ಇಟ್ಟಳು.

"ಇಪ್ಪತ್ತೂವರೆ ಡಿಗ್ರಿ ಇದರದ್ದು," ಎಂದಳು. "ಎಸ್ತರ್ ಬತ್ತಿ ಹಚ್ಚಿ ಕೂತಿದ್ದಾರೆ. ಇಡೀ ಡಿಸೆಂಬರು. ಕಿಟಕಿ ತೆರೆದದ್ದರಿಂದ ಮನೆ ತಣ್ಣಗಾಗಿರಲಿಲ್ಲ." ದನಿ ಸಣ್ಣದಾಗಿತ್ತು, ಆದರೆ ಒಡೆಯಲಿಲ್ಲ. "ಆರನೇ ಪದರ, ಏಳನೇ ಪದರ. ಹದಿಮೂರು ಕೊಳವೇಲೂ ಅದಲುಬದಲು. ನಾನು ಸುರಿದದ್ದು."

ಲಿಸೆಲೊತೆ ಕನ್ನಡಕ ತೆಗೆದಳು. ಟ್ರೋಲ್ಸ್ ಮಸಿಯನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ನೋಡಿಕೊಂಡ. ಎಲ್ಲಿ ಒರೆಸುವುದೆಂದು ತೋಚದೆ ಹಾಗೇ ಹಿಡಿದುಕೊಂಡಿದ್ದ. "ಯಾವಾಗಿಂದ ಗೊತ್ತು ನಿನಗೆ?"

"ಮೂರನೇ ದಿನದಿಂದ."

"ಉದ್ಘಾಟನೆಗೆ ಮೊದಲೇ."

"ಹೌದು."

"ಆ ಕಾಗದ ಬರೆಯುವಾಗ?"

"ಗೊತ್ತಿತ್ತು."

"ಛೀ," ಎಂದ ಟ್ರೋಲ್ಸ್. ಅಷ್ಟೇ. ಹತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವನು, ಮಾರೆನ್ ಹುಟ್ಟಿದಾಗ ಆಸ್ಪತ್ರೆಗೆ ಉಣ್ಣೆಯ ಟೊಪ್ಪಿ ತಂದವನು. ಬರೆದುಕೊಳ್ಳುತ್ತಿದ್ದ ಗಂಡಸು ಪೆನ್ನಿನ ತಲೆ ಒತ್ತಿ ಮುಚ್ಚಿದ. ಡೋರ್ಟೆ ಎಸ್ತರಳ ಕಡೆ ನೋಡಿದಳು. ಈಗಲಾದರೂ, ಎಂದು ಒಳಗೇನೋ ಕೈಚಾಚಿತು.

ಎಸ್ತರ್ ಅವಳನ್ನು ನೋಡಲಿಲ್ಲ. ಮೇಜಿನ ಸುತ್ತ ನಿಧಾನವಾಗಿ ಬಂದು, ಟ್ರೋಲ್ಸ್ ಹಚ್ಚಿದ್ದ ಮೂರು ಬತ್ತಿಗಳನ್ನು ಒಂದೊಂದಾಗಿ ಬೆರಳಲ್ಲಿ ಚಿವುಟಿ ಆರಿಸಿದಳು. ಕೊಲ್ಲಿಯ ಕಡೆಯ ಕಿಟಕಿಯನ್ನು ತಾನೇ ತೆರೆದಳು. ಆಮೇಲೆ ಅಡಿಗೆಮನೆಗೆ ಹೋಗಿ ಎದುರಿನದನ್ನೂ ತೆರೆದಳು. ಎರಡು ಕಡೆಯೂ ಕೆಂಪು ಮಿನುಗಿತು. ಗಾಳಿ ಮನೆಯ ಈ ಬದಿಯಿಂದ ಆ ಬದಿಗೆ ಹಾದುಹೋಯಿತು. ಗಂಡಸರು ಕೋಟಿನ ಕೊರಳು ಹಿಡಿದುಕೊಂಡರು, ಫ್ರಿಜ್ಜಿನ ಮೇಲಿನ ಕಾಗದ ಒಂದು ಮೂಲೆ ಬಿಟ್ಟು ಪಟಪಟ ಬಡಿಯಿತು. ಎಸ್ತರ್ ಕಿಟಕಿಯ ಕಟ್ಟೆಗೆ ಆತು ನಿಂತು, ಎದೆಯ ಮೇಲೆ ತಲೆಕೆಳಗಾಗಿ ತೂಗುವ ನರ್ಸಿನ ಹಳೆಯ ಗಡಿಯಾರವನ್ನು ಎರಡು ಬೆರಳಲ್ಲಿ ಎತ್ತಿ ನೋಡಿಕೊಂಡಳು.

"ಹತ್ತು ನಿಮಿಷ," ಎಂದಳು, ಯಾರಿಗೂ ಅಲ್ಲದೆ. "ಚಳಿಯಾದೋರು ಬೂಟು ಹಾಕ್ಕೊಳ್ಳಿ."

ಟ್ರೋಲ್ಸ್ ಎದ್ದು ಬೂಟು ಹುಡುಕತೊಡಗಿದ. ಡೋರ್ಟೆ ಇದ್ದಲ್ಲೇ ನಿಂತಳು, ಕಾಲುಚೀಲದಲ್ಲಿ. ನೆಲ ತಣ್ಣಗಾಗುತ್ತಾ ಬಂತು. ಮೆಟ್ಟಿಲ ಕೆಳಗೆ ಯಂತ್ರಕ್ಕೆ ಸುದ್ದಿ ಮುಟ್ಟಿರಬೇಕು, ಅಯಸ್ಕಾಂತದ ಉಂಗುರ ವೇಗ ಹೆಚ್ಚಿಸಿಕೊಂಡಿತು. ಸುರ್ ಎಂದು ಹರಿದು, ನಿಂತು, ಮತ್ತೆ ಸುರ್ ಎಂದು, ತನ್ನ ಕೈಲಾದಷ್ಟನ್ನು ಎತ್ತಲು ಶುರುಮಾಡಿತು. ಆರನೆಯ ಮೆಟ್ಟಿಲ ಬಳಿ ಅದು ಎಡವುವುದು ಅವಳಿಗೆ ಅಂಗಾಲಿನಲ್ಲಿ ತಿಳಿಯುತ್ತಿತ್ತು. ಕಿಟಕಿಯ ಬಳಿ ಎಸ್ತರ್ ಕಣ್ಣು ಮುಚ್ಚಿ, ಬಾಯಿ ತೆರೆದು, ಮೈನಸ್ ಏಳನ್ನು ಉದ್ದಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದಳು. ಕೆಮ್ಮು ಬರಲಿಲ್ಲ. ಡೋರ್ಟೆ ಕಾದಳು, ಎರಡನೆಯ ಉಸಿರಿಗೆ ಬಂತು.